ಮೊದಲ ಫಲಕ ಚಳ್ಳಕೆರೆಯದ್ದೇ ಆಗಲಿ

ಆತ್ಮೀಯರೇ,

ಚಿತ್ರದುರ್ಗ, ದಾವಣಗೆರೆ ಕಡೆಯ ಸರ್ಕಾರಿ ಶಾಲೆಗಳಿಗೆ ಬಾಹ್ಯಾಕಾಶದ ಇತಿಹಾಸ ಹೇಳುವ ಒಂದು ಪುಟ್ಟ ಸಂಚಾರಿ ಪ್ರದರ್ಶನ ಮಾಡಿಕೊಡೋಣ ಅಂತ ನಮ್ಮ ಸಂಘ ತೀರ್ಮಾನಿಸಿದೆ. ಆ ಕಡೆಯಿಂದ ಬಂದ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಎರಡು ಟ್ರಂಕು, ಬಸ್ಸಿನ ಮೇಲೆ ಹಾಕಿ ಕಳಿಸುವಂತಿರಬೇಕು, ಅಷ್ಟೇ. ಖರ್ಚಿನ ಲೆಕ್ಕವನ್ನು ಖಜಾಂಚಿಯವರು ಬೇರೆ ಪುಟದಲ್ಲಿ ಕೊಟ್ಟಿದ್ದಾರೆ. ಟ್ರಂಕಿನೊಳಗೆ ಏನಿರಬೇಕು ಅನ್ನೋದರ ಬಗ್ಗೆ ನಾನು ನಾಲ್ಕು ಮಾತು ಹೇಳಬೇಕಿದೆ.

ಈಗಿರುವ ಕರಡು ಸ್ಪುಟ್ನಿಕ್‌ನಿಂದ ಶುರುವಾಗಿ, ಗಗಾರಿನ್, ಅಪೊಲೊ ಎಲ್ಲ ಮುಗಿಸಿ, ಕೊನೆಗೆ ಇಸ್ರೋಗೆ ಬರುತ್ತದೆ. ತಪ್ಪೇನಿಲ್ಲ. ಆದರೆ ಹಿರಿಯೂರಿನ ಏಳನೇ ಕ್ಲಾಸಿನ ಹುಡುಗಿಗೆ ಇದೆಲ್ಲ ಬೇರೆಯವರ ಕತೆ ಅನ್ನಿಸುತ್ತೆ ಅಲ್ವಾ? ಅವಳ ಜಿಲ್ಲೆಯ ಆಕಾಶದಲ್ಲೇ ನಡೆದದ್ದು ಮೊದಲು ಬರಲಿ.

2024ರ ಜೂನ್ 23ರ ಬೆಳಗ್ಗೆ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಮೇಲೆದ್ದಿತು. ಅದರ ಹೊಟ್ಟೆಯ ಕೆಳಗೆ ರೆಕ್ಕೆಯಿರುವ ಒಂದು ವಾಹನ ನೇತಾಡುತ್ತಿತ್ತು. ಇಸ್ರೋ ಮಾಡಿದ ಅದರ ಹೆಸರು ಪುಷ್ಪಕ್. ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಅದನ್ನು ಬಿಟ್ಟರು. ಒಳಗೆ ಪೈಲಟ್ ಇಲ್ಲ. ಬೇಕಂತಲೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು, ತಾನೇ ದಾರಿ ಸರಿಮಾಡಿಕೊಳ್ಳುತ್ತಾ ನೋಡೋಣ ಅಂತ. ಮಾಡಿಕೊಂಡಿತು. ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಬಂದು ನೆಲ ಮುಟ್ಟಿತು. ನಾವು ಊರಿಗೆ ಹೋಗುವ ವಿಮಾನ ಇಳಿಯೋದು ಸುಮಾರು 260ರಲ್ಲಿ. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗ 100ಕ್ಕೆ ಇಳಿಯಿತು, ಆಮೇಲೆ ಬ್ರೇಕ್ ಹಿಡಿದು ನಿಂತಿತು. ಅದೇ ಜಾಗದಲ್ಲಿ ಇದು ಮೂರನೇ ಪರೀಕ್ಷೆ. ಮೊದಲನೆಯದು 2023ರ ಏಪ್ರಿಲ್ 2ರಂದು, ಎರಡನೆಯದು 2024ರ ಮಾರ್ಚ್ 22ರಂದು. ಮಾರ್ಚ್‌ನಲ್ಲಿ ಇಳಿದ ವಾಹನವನ್ನೇ ಜೂನ್‌ನಲ್ಲಿ ಮತ್ತೆ ಹಾರಿಸಿದ್ದರು. ಬಾಹ್ಯಾಕಾಶಕ್ಕೆ ಹೋದ ವಾಹನ ವಾಪಸ್ ಬರಬೇಕು, ಮತ್ತೆ ಹೋಗಬೇಕು. ಇಡೀ ಪ್ರಯತ್ನದ ಗುರಿಯೇ ಅದು.

ದುರ್ಗದ ಕೋಟೆಯನ್ನು ಯಾರು ಬೇಕಾದರೂ ಹತ್ತಿ ನೋಡಬಹುದು. ಈ ರನ್‌ವೇ ಬೇಲಿಯೊಳಗಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗೋಕೆ ಆಗಲ್ಲ. ಹಾಗಾಗಿ ಅದನ್ನೇ ಅವರ ಹತ್ತಿರ ತರಬೇಕು.

ಇನ್ನೂ ಒಂದಿದೆ. ಚಂದ್ರಯಾನ-2ರ ಲ್ಯಾಂಡರ್‌ಗೆ ಗುಂಡಿ ಯಾವುದು, ಸಮತಟ್ಟಾದ ನೆಲ ಯಾವುದು ಅಂತ ಗುರುತಿಸೋದನ್ನು ಕಲಿಸಬೇಕಿತ್ತು. ಅದಕ್ಕೆ 2016ರಲ್ಲಿ ಇದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿ ತೋಡಿ, ಮೇಲೆ ವಿಮಾನ ಹಾರಿಸಿ ಸೆನ್ಸರ್‌ಗಳನ್ನು ಪರೀಕ್ಷಿಸಿದರು. 2019ರ ಸೆಪ್ಟೆಂಬರ್ 7ರಂದು ಆ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. ನಾಲ್ಕು ವರ್ಷ ತಿದ್ದಿ ತೀಡಿ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು. ಫಲಕದಲ್ಲಿ ಎರಡೂ ಇರಲಿ, ಅಪ್ಪಳಿಸಿದ್ದು ಸಣ್ಣಕ್ಷರದಲ್ಲಿ ಬೇಡ.

ಆ ಕಾವಲು ಖಾಲಿ ಜಾಗ ಆಗಿರಲಿಲ್ಲ ಅನ್ನೋದನ್ನೂ ಬರೆಯೋಣ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು ಅದು. ಸುತ್ತಲಿನ ಹಳ್ಳಿಗಳ ಕುರಿ, ದನ, ಕಂಬಳಿ ನೇಯುವವರ ಉಣ್ಣೆ ಎಲ್ಲಕ್ಕೂ ಆ ಹುಲ್ಲೇ ಆಧಾರ. ಜಮೀನು ಇಸ್ರೋದಂಥ ಸಂಸ್ಥೆಗಳ ಪಾಲಾದಾಗ ಹಳ್ಳಿಯವರು ವಿರೋಧಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಇದನ್ನು ಸೇರಿಸಿದರೆ ವಿವಾದ ಆಗುತ್ತೆ ಅಂತ ಕೆಲವರು ಅಂದರು. ಆಗಲ್ಲ ಅಂತ ನನಗನ್ನಿಸುತ್ತೆ. ಆ ಶಾಲೆಗಳಿಗೆ ಬರೋದು ಅದೇ ಮನೆಗಳ ಮಕ್ಕಳು. ಅವರಿಗೆ ಗೊತ್ತಿರುವ ಸಂಗತಿಯನ್ನೇ ನಾವು ಮುಚ್ಚಿಟ್ಟರೆ, ಉಳಿದ ಫಲಕಗಳನ್ನು ಅವರು ಯಾಕೆ ನಂಬಬೇಕು?

ಆಮೇಲೆ ಎತ್ತಿನಗಾಡಿಯ ಫೋಟೋ. ಇಸ್ರೋದ 'ಆಪಲ್' ಅನ್ನೋ ಸಂಪರ್ಕ ಉಪಗ್ರಹವನ್ನು ಗಾಡಿಯ ಮೇಲಿಟ್ಟಿರುವ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ಹಾಕಿ 'ನಾವು ಎಷ್ಟು ಬಡವರಾಗಿದ್ದೆವು' ಅಂತ ಬರೆಯೋದು ರೂಢಿ. ಅಲ್ಲಿದ್ದದ್ದು ಎಂಜಿನಿಯರಿಂಗ್ ಕಾರಣ. ಆಂಟೆನಾ ಪರೀಕ್ಷೆ ನಡೀತಿತ್ತು, ಲಾರಿಯ ಕಬ್ಬಿಣ ಅದಕ್ಕೆ ಅಡ್ಡಿಯಾಗುತ್ತಿತ್ತು. ಮರದ ಗಾಡಿ ಅಡ್ಡಿ ಮಾಡಲಿಲ್ಲ. 1981ರ ಜೂನ್‌ನಲ್ಲಿ ಅದೇ ಉಪಗ್ರಹ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಚಿತ್ರದ ಕೆಳಗೆ ಈ ಕಾರಣ ಬರೆದರೆ ಮಕ್ಕಳು ಕನಿಕರ ಪಡೋದಿಲ್ಲ, ಯೋಚನೆ ಮಾಡುತ್ತಾರೆ.

ಮುಟ್ಟಿ ನೋಡುವ ವಸ್ತುಗಳೂ ಬೇಕು. ಹಳೆಯ 2 ರೂಪಾಯಿ ನೋಟಿನ ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರವಿದೆ. ನಮ್ಮ ಉಡುಪಿ ಕಡೆಯ ವಿಜ್ಞಾನಿ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿಸಿದ 360 ಕಿಲೋ ತೂಕದ ಉಪಗ್ರಹ ಅದು. ಮನೆಯ ಹಳೇ ಡಬ್ಬಿಯಲ್ಲಿ ಆ ನೋಟು ಇದ್ದರೆ ಕೊಡಿ, ಭೂತಗನ್ನಡಿ ನಾವು ಇಡುತ್ತೇವೆ. ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್‌ನ ಮಾದರಿಗೆ 58 ಸೆಂ.ಮೀ. ಅಗಲದ ಗೋಳ ಬೇಕು. ಅಸಲಿಯಲ್ಲಿ ಎರಡು ಅರ್ಧಗೋಳಗಳನ್ನು 36 ಬೋಲ್ಟ್ ಹಾಕಿ ಬಿಗಿದಿದ್ದರು. ದಾವಣಗೆರೆಯಲ್ಲೇ ಪಾತ್ರೆ ಕೆಲಸದವರಿಂದ ಮಾಡಿಸೋಣ, ಬಿಚ್ಚಿ ಮತ್ತೆ ಜೋಡಿಸುವ ಹಾಗಿರಲಿ.

ದೂರ ತೋರಿಸೋಕೆ ಒಂದು ಫುಟ್‌ಬಾಲ್, 6 ಸೆಂ.ಮೀ.ನ ಒಂದು ಚೆಂಡು, ಆರೂವರೆ ಮೀಟರ್ ಹಗ್ಗ ಸಾಕು. ಫುಟ್‌ಬಾಲ್ ಭೂಮಿಯಾದರೆ ಚೆಂಡು ಚಂದ್ರ, ನಡುವಿನ ದೂರ ಆ ಹಗ್ಗದಷ್ಟು. ಮೊದಲು ಮಕ್ಕಳಿಗೇ 'ಚಂದ್ರನನ್ನು ಎಲ್ಲಿ ಇಡ್ತೀರಿ' ಅಂತ ಕೇಳಬೇಕು. ಪೋಸ್ಟರುಗಳಲ್ಲಿ ನೋಡಿದಂತೆ ಪಕ್ಕದಲ್ಲೇ ಇಡುತ್ತಾರೆ. ಆಮೇಲೆ ಹಗ್ಗ ಬಿಚ್ಚಿಸಿ. ಇದೇ ಲೆಕ್ಕದಲ್ಲಿ 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಫುಟ್‌ಬಾಲಿನ ಮೈಯಿಂದ ಬರೀ 7 ಮಿ.ಮೀ. ಮೇಲಿರುತ್ತದೆ! ಬಾಹ್ಯಾಕಾಶ ಶುರುವಾಗುತ್ತೆ ಅಂತ ಸಾಮಾನ್ಯವಾಗಿ ಹೇಳುವ ಗೆರೆ 100 ಕಿ.ಮೀ. ಎತ್ತರದಲ್ಲಿದೆ. ದಾವಣಗೆರೆಯಿಂದ ಚಳ್ಳಕೆರೆಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ನೆಟ್ಟಗೆ ಮೇಲಕ್ಕೆ.

ಟಿವಿ ಪರದೆ ಬೇಡ ಅನ್ನೋದು ನನ್ನ ಬಲವಾದ ಅಭಿಪ್ರಾಯ. ಕರೆಂಟು ಹೋದರೂ ಪ್ರದರ್ಶನ ನಡೀಬೇಕು. ಫ್ಲೆಕ್ಸ್ ಕೂಡ ಬೇಡ. ಮಡಿಸಿದರೆ ಗೆರೆ ಬೀಳುತ್ತೆ, ಬಿಸಿಲಲ್ಲಿ ಹೊಳೆದು ಓದೋಕಾಗಲ್ಲ. ದಪ್ಪ ಹತ್ತಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಸುರುಳಿ ಸುತ್ತೋಣ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಊರು ದಾವಣಗೆರೆ, ಬಟ್ಟೆ ಅಲ್ಲೇ ಕೊಂಡರಾಯಿತು.

ಕನ್ನಡ ಬರಹಕ್ಕೆ ಐದು ಜನ ಬೇಕು. ಒಂದು ಫಲಕಕ್ಕೆ ಅರವತ್ತು ಪದ ಮೀರಬಾರದು. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಚಿತ್ರದುರ್ಗ ಜಿಲ್ಲೆಯ ಇಬ್ಬರು ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದೋಣ. ರಾಜ್ಯೋತ್ಸವದ ದಿನ ಇಲ್ಲಿ ನಮ್ಮ ಮಕ್ಕಳ ಮುಂದೆ ಒಮ್ಮೆ ಹರಡಿ ನೋಡಿ, ಡಿಸೆಂಬರ್ ರಜೆಗೆ ಊರಿಗೆ ಹೊರಟವರ ಕೈಲಿ ಟ್ರಂಕು ಕಳಿಸೋದು. ಬರೆಯಲು ಮನಸ್ಸಿರುವವರು ಈ ತಿಂಗಳೊಳಗೆ ನನಗೆ ಫೋನ್ ಮಾಡಿ.