ಭಾನುವಾರಕ್ಕೊಂದು ಬಸ್ಸು ಕೊಡಿ: ಬೀದರ್‌ಗೆ ಬಂದ ಹೊಸ ಮತದಾರಳ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಕಳೆದ ಜೂನ್‌ನಲ್ಲಿ ಬೀದರ್‌ಗೆ ವರ್ಗ ಆಯಿತು ಅಂದಾಗ ಮೈಸೂರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ. "ಅಯ್ಯೋ, ಏನು ತಪ್ಪು ಮಾಡಿದ್ರಿ?" ನಮ್ಮ ಕಡೆ ನೌಕರರ ಬಾಯಲ್ಲಿ ಬೀದರ್ ಅಂದರೆ ಪನಿಷ್‌ಮೆಂಟ್ ಪೋಸ್ಟಿಂಗ್. ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತಿದ್ದೆ. ಸಾಮಾನು ಲಾರಿಗೆ ಹಾಕುವಾಗ "ಒಂದೇ ವರ್ಷ" ಅಂತ ಅತ್ತೆಗೆ ಮಾತು ಕೊಟ್ಟು ಬಂದೆ.

ಈಗ ಫಾರಂ 8 ತುಂಬಿ, ನನ್ನ ಮತ್ತು ಯಜಮಾನರ ಹೆಸರನ್ನು ಇಲ್ಲಿನ ಮತದಾರರ ಪಟ್ಟಿಗೆ ಹಾಕಿಸಿಕೊಂಡಿದ್ದೇವೆ. ಹಾಗಾಗಿ ಒಂದು ಬಸ್ಸು ಕೇಳಬಹುದು, ಅಲ್ವಾ?

ಮೊದಲ ಆರು ತಿಂಗಳು ನಾವು ಬೀದರ್ ನೋಡಲೇ ಇಲ್ಲ. ಆಫೀಸು, ಮನೆ, ಶಾಲೆ, ತರಕಾರಿ. ಭಾನುವಾರ ಬಟ್ಟೆ ಒಗೆದು ಮಲಗುವುದು. ತಪ್ಪು ನಮ್ಮದೂ ಇತ್ತು. ಎಳ್ಳ ಅಮಾವಾಸ್ಯೆಗೆ ಪಕ್ಕದ ಮನೆ ಆಯಿ ಬಂದು, "ಮನ್ಯಾಗ ಕುಂತು ಏನ್ ಮಾಡ್ತೀರಿ, ಹೊಲಕ್ಕ ನಡೀರಿ" ಅಂತ ಎಳೆದುಕೊಂಡೇ ಹೋದರು. ಮರದ ಕೆಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ, ಮಡಿಕೆಯಲ್ಲಿ ಅಂಬಲಿ. ಅನ್ನ ಬಿಟ್ಟು ಬೇರೇನೂ ಮುಟ್ಟದ ನನ್ನ ಮಗ ಎರಡು ರೊಟ್ಟಿ ತಿಂದ. ಬರುವಾಗ ದಾರಿಯಲ್ಲಿ "ಅಮ್ಮಾ, ಬಸ್ ಬರ್ಲತ್ತದ" ಅಂದ. ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಅದ್ಯಾವ ಭಾಷೆನೇ?" ಅಂದರು.

ಮುಂದಿನ ಭಾನುವಾರ ಅಷ್ಟೂರಿಗೆ ಹೋದೆವು. ಊರಿಂದ ನಾಲ್ಕೈದು ಕಿಲೋಮೀಟರ್ ಇರಬಹುದು. ಒಬ್ಬ ಆಟೋದವನದು ಒಂದು ರೇಟು, ಇನ್ನೊಬ್ಬನದು ಇನ್ನೊಂದು. ನಿಂತು ಕಾಯಲು ವೇಟಿಂಗ್ ಚಾರ್ಜು ಬೇರೆ. ಹೋದ ಮೇಲೆ ಆ ಸಿಟ್ಟು ಮರೆತೇ ಹೋಯಿತು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಗುಮ್ಮಟದೊಳಗೆ ಕತ್ತಲು. ಕಾವಲಿನವರು ಹೊರಗೆ ಬಿಸಿಲಲ್ಲಿ ನಿಂತು ಕನ್ನಡಿ ಹಿಡಿದರು. ಬೆಳಕಿನ ಬಿಲ್ಲೆಯೊಂದು ಗೋಡೆ ಹತ್ತಿ ನಿಧಾನಕ್ಕೆ ಮೇಲೆ ಹೋಯಿತು. ಅದು ಹೋದಲ್ಲೆಲ್ಲ ಕೆಂಪು ಬಣ್ಣದ ಮೇಲೆ ಬಂಗಾರದ ಅಕ್ಷರ, ಹೂಬಳ್ಳಿ. ಮಗಳು ತೆರೆದ ಬಾಯಿ ಮುಚ್ಚಲಿಲ್ಲ. ಈ ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭುವಿನ ಅವತಾರ ಅನ್ನುತ್ತಾರೆ, ಉರುಸಿಗೆ ಜಂಗಮರು ನಡೆದುಕೊಂಡು ಬರುತ್ತಾರೆ. ಇದು ನಮ್ಮ ಮೈಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಮೇಲೆ ಕೋಟೆ ಆಯಿತು. 1472ರ ಮಹಮೂದ್ ಗಾವಾನ್ ಮದರಸಾ ಆಯಿತು. ಅಲ್ಲಿ ಉಳಿದಿರುವ ಒಂದೇ ಮಿನಾರಿನ ನೀಲಿ ಹೆಂಚು ಎಣಿಸುತ್ತಾ ಮಕ್ಕಳು ಜಗಳವಾಡಿದರು. ಬಿದ್ರಿ ಕೆಲಸದ ಅಂಗಡಿಯಲ್ಲಿ ಒಬ್ಬ ಹಿರಿಯರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ತೋರಿಸಿದರು. ಕೋಟೆಯ ಹಳೇ ಮಣ್ಣಂತೆ. ರುಚಿ ನೋಡಿಯೇ ಆರಿಸುತ್ತಾರಂತೆ. ಅದನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿ ಅದ್ದಿದರೆ ಸತು ತಾಮ್ರದ ಪಾತ್ರೆ ಕಪ್ಪಾಗುತ್ತದೆ, ಅದರ ಮೇಲೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಗಳೂ ಮಣ್ಣು ನೆಕ್ಕಿದಳು. "ಉಪ್ಪುಪ್ಪು" ಅಂದಳು.

ಆದರೆ ಪ್ರತಿ ಸಲವೂ ಆಟೋ, ಪ್ರತಿ ಸಲವೂ ಚೌಕಾಸಿ. ಒಂದೇ ದಿನಕ್ಕೆ ಇವೆಲ್ಲ ಸುತ್ತಿಸುವ ಬಸ್ಸು ನಮಗಂತೂ ಸಿಗಲಿಲ್ಲ. ಮೈಸೂರಿನ ಹಾಗೆ ಅಂಬಾರಿ ಡಬಲ್ ಡೆಕ್ಕರ್ ಬೇಡ ಸಾರ್. ಸಾದಾ ಸಿಟಿ ಬಸ್ಸು ಸಾಕು. ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಹೊರಟು ಊರ ನಡುವಿನ ಕಾವಲು ಗೋಪುರ ಚೌಬಾರಾ, ಮದರಸಾ, ಕೋಟೆ, ಅಷ್ಟೂರು, ನೌಬಾದಿನ ಕರೇಜ್ ಸುತ್ತಿ ಸಂಜೆಗೆ ವಾಪಸ್. ಒಂದೇ ಟಿಕೆಟ್, ಎಲ್ಲಿ ಬೇಕಾದರೂ ಇಳಿದು ಹತ್ತುವ ಹಾಗೆ. ಸಾರಿಗೆಯವರ ಜೊತೆ ನೀವು ಒಂದು ಮಾತಾಡಿದರೆ ಆಗದ ಕೆಲಸವೇನಲ್ಲ. ಹೊಸದಾಗಿ ವರ್ಗವಾಗಿ ಬಂದವರು ಮೊದಲ ತಿಂಗಳೇ ಇದನ್ನು ಹತ್ತಿದರೆ, ವಾಪಸ್ ವರ್ಗಾವಣೆಗೆ ಅಂತ ನಿಮ್ಮ ಶಿಫಾರಸು ಪತ್ರ ಕೇಳಿಕೊಂಡು ಬರುವವರೂ ಸ್ವಲ್ಪ ಕಮ್ಮಿ ಆಗಬಹುದು.

ಕರೇಜ್ ನಾವಿನ್ನೂ ನೋಡಿಲ್ಲ. ನೆಲದಡಿ ಸುರಂಗದಲ್ಲಿ ನೀರು ಹರಿಸುತ್ತಿದ್ದರು ಅಂತ ಕೇಳಿದಾಗಿನಿಂದ ಮಗ ದಿನಾ ಟಾರ್ಚಿಗೆ ಸೆಲ್ ಹಾಕಿ ತೆಗೆದು ಮಾಡುತ್ತಿದ್ದಾನೆ. ಏಪ್ರಿಲ್ ರಜಕ್ಕೆ ಅತ್ತೆಯೂ ಬರುತ್ತಾರೆ. ಅಷ್ಟರೊಳಗೆ ಬಸ್ಸು ಶುರುವಾದರೆ ಮೊದಲ ದಿನದ ಐದು ಸೀಟು ನಮ್ಮವು.

ಇಂತಿ,
ಬಾಡಿಗೆ ಮನೆಯ ಕರಾರನ್ನು ಇನ್ನೊಂದು ವರ್ಷಕ್ಕೆ ಬರೆಸಿದ ನಿಮ್ಮ ಹೊಸ ಮತದಾರಳು