ಪಿಂಚಣಿ ಯಾವ ದಿನದಿಂದ?

ಮಾನ್ಯ ಸಂಪಾದಕರೇ,

ನಮ್ಮವರಿಗೆ ಸೇನೆಯಲ್ಲಿದ್ದಾಗಲೇ ಫಿಟ್ಸ್ ಶುರುವಾಯಿತು. ಅದೇ ಕಾರಣಕ್ಕೆ ಮನೆಗೆ ಕಳಿಸಿದರು. ಈಗಲೂ ಕರಿಮೆಣಸು ಕೊಯ್ಯುವ ಏಣಿ ಹತ್ತಲು ನಾನು ಬಿಡುವುದಿಲ್ಲ. ಕಾಫಿ ಗಿಡಗಳ ನಡುವೆ ಕೂತು ಉದುರಿದ ಕಾಳು ಆರಿಸುತ್ತಾರೆ.

ಇದೇ ಕಾಯಿಲೆಯ ಸೈನಿಕರೊಬ್ಬರಿಗೆ 2013ರಲ್ಲಿ ಸುಪ್ರೀಂ ಕೋರ್ಟ್ ಅಂಗವೈಕಲ್ಯ ಪಿಂಚಣಿ ಕೊಡಿಸಿತು. ಸೇನೆಗೆ ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದರೆ ಸೇನೆಯೇ ತೋರಿಸಬೇಕು ಎಂದಿತು. ನಮಗಿದು ಗೊತ್ತಾಗಿದ್ದು ತುಂಬಾ ತಡವಾಗಿ. ತಡವಾಗಿ ಕೋರ್ಟಿಗೆ ಹೋದವರಿಗೆ, 2008ರ ತೀರ್ಪೊಂದರ ಪ್ರಕಾರ, ಸಾಮಾನ್ಯವಾಗಿ ಹಿಂದಿನ 3 ವರ್ಷದ ಬಾಕಿಯಷ್ಟೇ. ಕಾಯಿಲೆ ಅರ್ಜಿ ಹಾಕಿದ ದಿನ ಹುಟ್ಟಿದ್ದಲ್ಲ, ಅಲ್ವಾ? ಬಿಡುಗಡೆಯ ದಿನದಿಂದಲೇ ಲೆಕ್ಕ ಹಿಡಿಯಲಿ. ಕಳಿಸುವಾಗಲೇ ಈ ಹಕ್ಕನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಲಿ.

– ಮಾಜಿ ಸೈನಿಕರೊಬ್ಬರ ಪತ್ನಿ, ಸೋಮವಾರಪೇಟೆ