ಭಾನುವಾರ ರಾತ್ರಿಯ ಧ್ವನಿ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿಗೆ,

ಜಾನ್ ಮಿಲ್ಲರ್ ಅಮೆರಿಕದ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಬಿಟ್ಟ ಬಗ್ಗೆ ನೀನು ಬರೆದ ಲೇಖನ ತಲುಪಿತು. ಸಮಾಧಾನದಿಂದ ಕೂತು ಓದಿದೆ. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿರುವ ನಿನಗೆ ಒಬ್ಬ ಬೇಸ್‌ಬಾಲ್ ಕಾಮೆಂಟೇಟರ್ ಬಗ್ಗೆ ಕನ್ನಡದಲ್ಲೇ ಬರೆಯಬೇಕು ಅನಿಸಿತಲ್ಲ, ಅದು ನನಗೆ ತುಂಬ ಇಷ್ಟವಾಯಿತು. ಆ ಕಡೆ ನೆಲೆಸಿದ ನಮ್ಮವರು ಕೆಲಸ ಮುಗಿಸಿ ಮನೆಗೆ ಹೊರಟಾಗ ಕಾರಿನ ರೇಡಿಯೊದಲ್ಲಿ ಕೇಳುವ ಧ್ವನಿ ಅದು. ಆ ಬದುಕು ಕನ್ನಡದಲ್ಲಿ ಬರಲೇಬೇಕು. ಅದಕ್ಕೇ ನಿನ್ನ ಲೇಖನ ಇನ್ನೂ ಚೆನ್ನಾಗಬೇಕೆಂಬ ಆಸೆ ನನಗೆ. ತಿದ್ದುವ ಮಾತು ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಲೇಖನದ ಅರ್ಧದವರೆಗೂ ಇರುವುದು ಕರಾರಿನ ಸುದ್ದಿ. 2010ರ ನವೆಂಬರ್‌ನಲ್ಲಿ, ಮಿಲ್ಲರ್ ಪಕ್ಕ ಕೂತು ಕಾಮೆಂಟ್ರಿ ಹೇಳುತ್ತಿದ್ದ ಹಳೆಯ ಆಟಗಾರ ಜೋ ಮಾರ್ಗನ್ ಅವರ ಕರಾರನ್ನು ಇಎಸ್‌ಪಿಎನ್ ಮುಂದುವರಿಸಲಿಲ್ಲ. ಮಿಲ್ಲರ್‌ಗೆ ಟಿವಿ ಬಿಟ್ಟು ರೇಡಿಯೊ ಕಡೆ ಬನ್ನಿ ಎಂದರು, ಅವರು ಒಪ್ಪಲಿಲ್ಲ. 1990ರಲ್ಲಿ ಶುರುವಾಗಿ 21 ಸೀಸನ್ ಆ ಚಾನೆಲ್ಲಿನ ಭಾನುವಾರ ರಾತ್ರಿಯ ಆಟಗಳಲ್ಲಿ ಕೇಳಿಸಿದ ಜೋಡಿ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಆ ಕುರ್ಚಿಯಲ್ಲಿ ಡ್ಯಾನ್ ಶುಲ್ಮನ್ ಕೂತರು. ಎಲ್ಲವೂ ನಿಜ, ದಿನಾಂಕಗಳೂ ಸರಿ ಇವೆ. ಆದರೆ ಇದನ್ನು ಹಾಸನದಲ್ಲೋ ಸಿರಸಿಯಲ್ಲೋ ಕೂತು ಓದುವವರಿಗೆ ಯಾರೋ ಒಬ್ಬರು ಕೆಲಸ ಬಿಟ್ಟರು ಎಂಬುದಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ. ಒಮ್ಮೆಯೂ ಕಿವಿಗೆ ಬೀಳದ ಧ್ವನಿ ನಿಂತುಹೋದರೆ ಯಾರಿಗೆ ತಾನೇ ನೋವಾದೀತು? ಮೊದಲು ಅದನ್ನು ಕೇಳಿಸು. ಹೋದ ಸುದ್ದಿ ಆಮೇಲೆ ಬರಲಿ.

ಕೇಳಿಸುವುದು ಹೇಗೆ? ದೊಡ್ಡ ವಿಶೇಷಣಗಳಿಂದಂತೂ ಆಗುವುದಿಲ್ಲ. 'ಮಧುರ ಕಂಠ', 'ಮಾಂತ್ರಿಕ ಶೈಲಿ' ಎಂದು ನೀನು ಬರೆದ ಕಡೆಯೆಲ್ಲ ನನಗೆ ಏನೂ ಕೇಳಿಸಲಿಲ್ಲ. ಆದರೆ ದುರ್ಬೀನಿನ ಹುಡುಗನ ಕಥೆಯನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯಲ್ಲ, ಅಲ್ಲಿ ನಾನು ತಡೆದು ನಿಂತೆ. ಮಿಲ್ಲರ್ ತಾವೇ ಹೇಳಿಕೊಂಡು ಬಂದ ಕಥೆ ಅದು. 1962ರ ಏಪ್ರಿಲ್, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಹತ್ತು ವರ್ಷದ ಹುಡುಗ ಮೊದಲ ಸಲ ಮೈದಾನಕ್ಕೆ ಬಂದಿದ್ದಾನೆ. ಊರಿನ ಜೈಂಟ್ಸ್ ತಂಡ ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡವನ್ನು 19-8ರಿಂದ ಬಡಿಯುತ್ತಿದೆ. ಹುಡುಗ ಮಾತ್ರ ದುರ್ಬೀನನ್ನು ರೇಡಿಯೊ ಬೂತಿನ ಕಡೆ ತಿರುಗಿಸಿದ್ದಾನೆ. ಅಲ್ಲಿ ರಸ್ ಹಾಡ್ಜಸ್ ಒಂದು ಎಸೆತದ ವಿವರ ಹೇಳಿ, ಇನ್ನೊಂದು ಎಸೆತ ಬರುವುದರೊಳಗೆ ಬಾಯಿತುಂಬ ಫ್ರೆಂಚ್ ಫ್ರೈಸ್ ತುಂಬಿಕೊಂಡು, ಮೇಲೆ ಒಂದು ಗುಟುಕು ಕುಡಿದು, ಮತ್ತೆ ಮೈಕಿಗೆ ಬಾಯಿ ಕೊಡುತ್ತಿದ್ದಾರೆ. ಬದುಕಿದರೆ ಹೀಗೆ ಬದುಕಬೇಕು ಎಂದು ಹುಡುಗ ಅಲ್ಲೇ ತೀರ್ಮಾನಿಸಿದ.

ಈ ಕಥೆ ತಮಾಷೆಯಾಗಿದೆ ಎಂಬ ಕಾರಣಕ್ಕೆ ನಾನು ಇದನ್ನು ಹಿಡಿದುಕೊಂಡಿಲ್ಲ. ಎರಡು ಎಸೆತಗಳ ನಡುವೆ ಅಷ್ಟೊಂದು ಬಿಡುವು ಇದೆ ಎಂಬುದು ಇದರಿಂದ ಓದುಗರಿಗೆ ತಾನಾಗಿ ತಿಳಿಯುತ್ತದೆ. ಬೇಸ್‌ಬಾಲ್ ಕಾಮೆಂಟ್ರಿಯ ಜೀವ ಇರುವುದೇ ಆ ಬಿಡುವಿನಲ್ಲಿ. ಚೆಂಡು ಆಟದಲ್ಲಿರುವ ಹೊತ್ತು ಕಡಿಮೆ, ಇಲ್ಲದಿರುವ ಹೊತ್ತೇ ಹೆಚ್ಚು. ಆ ಹೊತ್ತನ್ನು ಏನು ಮಾಡುತ್ತಾರೆ ಎಂಬುದರಿಂದಲೇ ಒಬ್ಬ ಕಾಮೆಂಟೇಟರ್‌ಗೂ ಇನ್ನೊಬ್ಬರಿಗೂ ವ್ಯತ್ಯಾಸ. 2023ರಲ್ಲಿ ಎಸೆತಕ್ಕೆ ಗಡಿಯಾರ ಬಂತು; ರನ್ ಗಳಿಸಲು ಓಡಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಪಿಚರ್ ಚೆಂಡು ಎಸೆಯಬೇಕು. ಅದರ ಹಿಂದಿನ ವರ್ಷ ಒಂಬತ್ತು ಇನಿಂಗ್ಸ್‌ನ ಆಟ ಸರಾಸರಿ 3 ಗಂಟೆ 4 ನಿಮಿಷ ನಡೆಯುತ್ತಿತ್ತು, ಅದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟಕ್ಕೆ ಅದರಿಂದ ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಆದರೆ ಮಿಲ್ಲರ್ ಭಾನುವಾರ ರಾತ್ರಿ ಕಥೆ ಹೇಳುತ್ತಿದ್ದದ್ದು ಆ ಹಳೆಯ, ಉದ್ದನೆಯ ಬಿಡುವಿನಲ್ಲಿ. ಡಾಜರ್ಸ್‌ನ ಹೆಸರಾಂತ ಕಾಮೆಂಟೇಟರ್ ವಿನ್ ಸ್ಕಲಿ ಧ್ವನಿಯನ್ನು ಅನುಕರಿಸಿ, ಅದನ್ನೇ ಜಪಾನಿ ಭಾಷೆಯಲ್ಲೂ ಮಾಡಿ ತೋರಿಸಿ ಜನರನ್ನು ನಗಿಸುತ್ತಿದ್ದರು. ಹೊಡೆದ ಚೆಂಡು ಬೇಲಿ ದಾಟಿ ಹೋಮ್ ರನ್ ಆದಾಗ ಸ್ಪ್ಯಾನಿಷ್‌ನಲ್ಲಿ 'ಆದಿಯೋಸ್ ಪೆಲೋಟಾ' ಎಂದು ಚೆಂಡಿಗೆ ವಿದಾಯ ಹೇಳುತ್ತಿದ್ದರು. ಇದನ್ನೆಲ್ಲ ನೀನು ದಿನವೂ ಕೇಳುವವಳು. ಬರೆಯಲು ಯಾಕೆ ಹಿಂಜರಿದೆ?

ಬಿಡುವನ್ನು ಬಳಸುವ ವಿದ್ಯೆಗೆ ಒಂದು ಪರಂಪರೆ ಇದೆ, ಬರಹಗಾರರಾದ ನಾವೂ ಅದರ ಋಣದಲ್ಲಿದ್ದೇವೆ. ಡಾಜರ್ಸ್ ತಂಡ ಇನ್ನೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ ಅದರ ಕಾಮೆಂಟೇಟರ್ ಆಗಿದ್ದ ರೆಡ್ ಬಾರ್ಬರ್ ಮೈಕಿನ ಪಕ್ಕ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು, ಮೊಟ್ಟೆ ಬೇಯಿಸಲು ಅಡುಗೆಮನೆಯಲ್ಲಿ ಇಡುವಂಥದ್ದು. ಮರಳು ಕೆಳಗಿಳಿದು ಮುಗಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುವಿ ಇಡುತ್ತಿದ್ದರು. ಈಗ ತಾನೇ ರೇಡಿಯೊ ಹಾಕಿದವರಿಗೆ ಬೇಕಾದ ಮೊದಲ ಮಾತು ಅದೇ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಗುರುವಿನಿಂದಲೂ ಸಿಕ್ಕಿಲ್ಲ. ನಡುವೆ ಬಂದು ಸೇರಿಕೊಂಡ ಓದುಗ ಯಾವಾಗಲೂ ಒಬ್ಬನಿರುತ್ತಾನೆ. ಈಗ ಎಲ್ಲಿದ್ದೇವೆ, ಯಾರ ಬಗ್ಗೆ ಮಾತಾಡುತ್ತಿದ್ದೇವೆ, ಏನು ಪಣಕ್ಕಿದೆ ಎಂದು ಅವನಿಗೆ ಹೇಳುತ್ತಲೇ ಇರಬೇಕು. ನಿನ್ನ ಲೇಖನದಲ್ಲಿ ಮಾರ್ಗನ್ ಆಟಗಾರರಾಗಿದ್ದರು ಎಂಬ ವಿಷಯವೇ ಕೊನೆಯ ಪುಟದವರೆಗೂ ಬರುವುದಿಲ್ಲ, ನೋಡಿಕೋ.

ಆ ಬಾರ್ಬರ್ ಕೈಕೆಳಗೆ 1950ರಲ್ಲಿ ಬಂದು ಕೂತವರು ವಿನ್ ಸ್ಕಲಿ, ಆಗ 22ರ ಹುಡುಗ. ಬೇರೆ ಕಾಮೆಂಟೇಟರ್‌ಗಳನ್ನು ಕೇಳುತ್ತ ಕೂರಬೇಡ, ಈ ಬೂತಿಗೆ ಬೇರೆ ಯಾರೂ ತರಲಾಗದ ಒಂದು ವಸ್ತು ನೀನೇ ಎಂಬ ಅರ್ಥದ ಬುದ್ಧಿಮಾತನ್ನು ಬಾರ್ಬರ್ ಅವರಿಗೆ ಹೇಳಿದ್ದರಂತೆ. ಅದೇ ಸ್ಕಲಿ 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಏನು ಮಾಡಿದರು ಗೊತ್ತಾ? ಸುಮ್ಮನಾದರು. ಜನರ ಕೂಗು, ಪಟಾಕಿ ಸದ್ದು ತಾನೇ ಮಾತಾಡಲಿ ಎಂದು ಬಿಟ್ಟರು. ಆಮೇಲೆ ಬಾಯಿ ತೆರೆದು ಹೇಳಿದ್ದು ಅಂಕಿಯನ್ನಲ್ಲ: ಬೇಸ್‌ಬಾಲಿನ ಆರಾಧ್ಯ ಪುರುಷನೊಬ್ಬನ ದಾಖಲೆ ಮುರಿದ ಕಪ್ಪು ಮನುಷ್ಯನೊಬ್ಬನಿಗೆ ಅಮೆರಿಕದ ದಕ್ಷಿಣದ ಒಳನಾಡಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ ಎಂದರು. ವರ್ಣಭೇದ ಆಳವಾಗಿ ಬೇರೂರಿದ್ದ ನೆಲ ಅದು. ಮೌನ ಮೊದಲು ಬಂದದ್ದರಿಂದಲೇ ಆ ಮಾತಿಗೆ ಅಷ್ಟು ತೂಕ. ನಿನ್ನ ಲೇಖನದಲ್ಲಿ ಭಾವ ಉಕ್ಕುವ ಜಾಗಗಳಲ್ಲೆಲ್ಲ ನೀನು ಮೂರು ವಾಕ್ಯ ಹೆಚ್ಚಿಗೆ ಬರೆದಿದ್ದೀಯ. ಅವನ್ನು ತೆಗೆದು ಓದಿ ನೋಡು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಮಿಲ್ಲರ್ ಇಎಸ್‌ಪಿಎನ್‌ಗೆ ಎಷ್ಟು ನಿಷ್ಠರಾಗಿದ್ದರು, ಅದು ಅವರಿಗೆ ಹೇಗೆ ಬೆನ್ನು ತೋರಿಸಿತು ಎಂಬ ಧಾಟಿಯಲ್ಲಿ ನೀನು ಬರೆದಿದ್ದೀಯ. ಅವರ ಬದುಕನ್ನು ನೋಡಿದರೆ ಅವರ ನಿಷ್ಠೆ ಯಾವ ಯಜಮಾನರ ಕಡೆಗೂ ಇರಲಿಲ್ಲ, ಕೇಳುವವರ ಕಡೆಗಿತ್ತು. 1983ರಿಂದ 1996ರವರೆಗೆ ಅವರು ಬಾಲ್ಟಿಮೋರ್ ಓರಿಯೋಲ್ಸ್‌ನ ಧ್ವನಿ. ತಂಡದ ಮಾಲೀಕ ಪೀಟರ್ ಏಂಜೆಲೋಸ್ ಅವರ ಪ್ರಕಾರ ಕಾಮೆಂಟೇಟರ್ ಆದವರು ತಂಡದ ಪರ ಇನ್ನಷ್ಟು ವಾದಿಸಬೇಕಿತ್ತು. ಊರಿನ ಜನ ಮೆಚ್ಚಿದ್ದ ಮಿಲ್ಲರ್ ಅಲ್ಲಿಂದ ಹೊರಟು 1997ರಲ್ಲಿ ಜೈಂಟ್ಸ್‌ಗೆ ಬಂದರು. ಬಂದ ಮೇಲೆ ಬದಲಾದರೇ?

2003ರ ಮೇ 27. ಸ್ಯಾನ್ ಫ್ರಾನ್ಸಿಸ್ಕೊ, ಒಂಬತ್ತನೇ ಇನಿಂಗ್ಸ್, ಸ್ಕೋರ್ ಸಮ. ಜೈಂಟ್ಸ್‌ನ ರೂಬೆನ್ ರಿವೆರಾ ಮೊದಲ ಬೇಸ್‌ನಲ್ಲಿದ್ದಾರೆ. ಹೊಡೆತ ದೂರ ಹೋಯಿತು, ಚೆಂಡು ಫೀಲ್ಡರ್ ಕೈಗೆ ದಕ್ಕದೆ ನೆಲಕ್ಕೆ ಬಿತ್ತು. ಎರಡನೇ ಬೇಸ್ ದಾಟಿದ್ದ ರಿವೆರಾ ಕ್ಯಾಚ್ ಆಯಿತೆಂದುಕೊಂಡು ಹಿಂದಕ್ಕೆ ಓಡಿದರು, ಕ್ಯಾಚ್ ಆದರೆ ಹೊರಟ ಬೇಸ್‌ಗೆ ಮರಳಬೇಕಲ್ಲ. ಇಲ್ಲ ಎಂದು ಗೊತ್ತಾಗಿ ಮತ್ತೆ ಮುಂದಕ್ಕೆ. ಎರಡನೇ ಬೇಸ್ ಮುಟ್ಟಿಲ್ಲವೆಂದು ಮತ್ತೆ ಅದರ ಹತ್ತಿರ. ಅಲ್ಲಿಂದ ಮೂರನೆಯದಕ್ಕೆ. ಅಲ್ಲಿ ಔಟಾಗಬೇಕಿತ್ತು, ಎದುರಾಳಿಗಳ ಎಸೆತ ತಪ್ಪಿ ಬಚಾವಾದರು. ಅಷ್ಟಕ್ಕೆ ನಿಲ್ಲದೆ, ಮುಟ್ಟಿದರೆ ರನ್ ಸಿಗುವ ಹೋಮ್ ಪ್ಲೇಟ್ ಕಡೆ ನುಗ್ಗಿದರು, ತಲುಪುವುದಕ್ಕೆ ಬಹಳ ಮೊದಲೇ ಚೆಂಡು ಬಂದು ಕಾಯುತ್ತಿತ್ತು. ಮೈಕ್ ಮುಂದಿದ್ದ ಮಿಲ್ಲರ್ ಈ ಆಟದ ಇತಿಹಾಸದಲ್ಲೇ ಇಷ್ಟು ಕೆಟ್ಟ ಬೇಸ್ ಓಟ ಇನ್ನೊಂದಿಲ್ಲ ಎಂದು ಘೋಷಿಸಿಬಿಟ್ಟರು. ಸಂಬಳ ಕೊಡುವ ತಂಡದ ಆಟಗಾರನ ಬಗ್ಗೆ, ಆ ತಂಡದ ಮೈದಾನದಲ್ಲಿ ಕೂತು ಹೇಳಿದ ಮಾತು ಇದು. ಕೇಳುವವರು ಮನೆಯಲ್ಲಿ ಏನೆಂದುಕೊಳ್ಳುತ್ತಿದ್ದರೋ ಅದನ್ನೇ ಅವರು ಹೇಳಿದರು. ನಿನ್ನ ಲೇಖನ ಇಲ್ಲಿಂದ ಶುರುವಾಗಬೇಕು ಎಂದು ನನ್ನ ಸಲಹೆ. ಬೇಸ್‌ಬಾಲ್ ನೋಡದವರಿಗೂ ಈ ಓಟ ಅರ್ಥವಾಗುತ್ತದೆ.

ಬಾರ್ಬರ್ ಅವರ ಇನ್ನೊಂದು ಪ್ರಸಂಗವನ್ನೂ ಇದರ ಜೊತೆ ಇಟ್ಟು ನೋಡು. 1966ರ ಸೆಪ್ಟೆಂಬರ್ 22ರ ಹೊತ್ತಿಗೆ ಅವರು ನ್ಯೂಯಾರ್ಕ್ ಯಾಂಕೀಸ್‌ನಲ್ಲಿದ್ದರು. ತಂಡ ಪಟ್ಟಿಯ ತಳದಲ್ಲಿತ್ತು. ಅದರ ಒಡೆತನ ಆಗ ಸಿಬಿಎಸ್ ಎಂಬ ಟಿವಿ ಜಾಲದ ಕೈಯಲ್ಲಿತ್ತು. 65 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಯಾಂಕೀ ಸ್ಟೇಡಿಯಂನಲ್ಲಿ ಅವತ್ತು ಟಿಕೆಟ್ ಕೊಂಡು ಬಂದವರು 413 ಮಂದಿ. ಖಾಲಿ ಕುರ್ಚಿಗಳನ್ನು ಒಮ್ಮೆ ಕ್ಯಾಮೆರಾದಲ್ಲಿ ತೋರಿಸಿ ಎಂದು ಬಾರ್ಬರ್ ಕೇಳಿದರು. ತೋರಿಸಲಿಲ್ಲ. ಆಗ ಅವರು ಬಾಯಿಯಿಂದಲೇ ಹೇಳಿದರು: ಈ ಸ್ಟೇಡಿಯಂಗೆ ಬಂದ ಅತಿ ಸಣ್ಣ ಗುಂಪು ಇದು, ಇವತ್ತಿನ ಸುದ್ದಿ ಆಟವಲ್ಲ, ಈ ಗುಂಪೇ ಸುದ್ದಿ ಎಂದು. ಕೆಲವೇ ದಿನಗಳಲ್ಲಿ, ಕರಾರು ಮುಂದುವರಿಸುವುದಿಲ್ಲ ಎಂಬ ಉತ್ತರ ಬಂತು. ಕಾರಣ ಆ ಮಾತೊಂದೇ ಎಂದು ನಾನು ಹೇಳಲಾರೆ, ಅಧಿಕಾರಿಗಳ ಮನಸ್ಸಿನಲ್ಲಿ ಮೊದಲೇ ಆ ಯೋಚನೆ ಇದ್ದಿರಬಹುದು. ಆದರೆ ಕಣ್ಣೆದುರಿಗಿದ್ದದ್ದನ್ನು ಮುಚ್ಚಿಡಲು ಅವರು ಒಪ್ಪಲಿಲ್ಲ ಎಂಬುದು ಮಾತ್ರ ನಿಂತಿದೆ. ಮುಂದೆ 1981ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಅದೇ ಬಾರ್ಬರ್ ಪ್ರತಿ ಶುಕ್ರವಾರ ಬೆಳಗ್ಗೆ ಎನ್‌ಪಿಆರ್ ರೇಡಿಯೊದಲ್ಲಿ ನಾಲ್ಕು ನಿಮಿಷ ಮಾತಾಡುತ್ತಿದ್ದರು. ಬೇಸ್‌ಬಾಲ್ ಜೊತೆಗೆ ಟಲಹಾಸಿಯ ತಮ್ಮ ಮನೆಯಂಗಳದ ಕ್ಯಾಮೆಲಿಯಾ ಹೂಗಳ ಸಮಾಚಾರವೂ ಅದರಲ್ಲಿರುತ್ತಿತ್ತು. ಕೆಲಸ ಕಳೆದುಕೊಂಡ ಧ್ವನಿ ಸತ್ತೇಹೋಗುತ್ತದೆ ಎಂಬ ಧಾಟಿ ನಿನ್ನ ಲೇಖನದಲ್ಲಿ ಇದೆಯಲ್ಲ, ಅದನ್ನು ಬಿಟ್ಟುಬಿಡು.

ಮಾರ್ಗನ್ ವಿಷಯ. ಅವರಿಗೆ ನೀನು ನ್ಯಾಯ ಮಾಡಿಲ್ಲ. ಆಟಗಾರರನ್ನು ಅಳೆಯುವ ಹೊಸ ಅಂಕಿಅಂಶಗಳನ್ನು ಅವರು ಟಿವಿಯಲ್ಲಿ ತಳ್ಳಿಹಾಕುತ್ತಿದ್ದರು, ಅದಕ್ಕಾಗಿ ಒಂದು ಪೀಳಿಗೆಯ ಅಭಿಮಾನಿಗಳು ಅವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು ಎಂದು ಬರೆದಿದ್ದೀಯ. ಸರಿ, ಆ ಟೀಕೆಯಲ್ಲಿ ಹುರುಳಿದೆ. ಆದರೆ ಅದೇ ಹೊಸ ಲೆಕ್ಕದವರ ಪ್ರಕಾರ ಅವರು ಆಟದ ಚರಿತ್ರೆಯ ಅತಿ ಶ್ರೇಷ್ಠ ಸೆಕೆಂಡ್ ಬೇಸ್‌ಮನ್‌ಗಳಲ್ಲಿ, ಅಂದರೆ ಎರಡನೇ ಬೇಸ್ ಕಾಯುವವರಲ್ಲಿ, ಒಬ್ಬರು. 1975ರಲ್ಲಿ ಸಿನ್ಸಿನಾಟಿ ರೆಡ್ಸ್‌ಗೆ ಆಡುತ್ತ 132 ಸಲ ಕೆಟ್ಟ ಎಸೆತಗಳನ್ನು ಕೆಣಕದೆ ಬಿಟ್ಟು ನಡೆದುಕೊಂಡೇ ಮೊದಲ ಬೇಸ್ ತಲುಪಿದರು. ಬ್ಯಾಟ್ ಹಿಡಿದ ನೂರು ಸಲದಲ್ಲಿ ಸುಮಾರು 47 ಸಲ ಬೇಸ್ ಮುಟ್ಟಿದರು. ಆ ವರ್ಷವೂ ಮರುವರ್ಷವೂ ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿದರು. ಅಂದರೆ ಹೊಸ ವಿದ್ಯೆ ಯಾವ ಆಟವನ್ನು ಕೊಂಡಾಡುತ್ತದೋ ಅದನ್ನೇ ಮೈಯಲ್ಲಿ ಆಡಿ ತೋರಿಸಿದ ಮನುಷ್ಯ, ಮೈಕ್ ಹಿಡಿದಾಗ ಆ ವಿದ್ಯೆಯನ್ನು ಒಪ್ಪಲಿಲ್ಲ. ಇಂಥ ಒಳವಿರೋಧ ಸಿಕ್ಕಾಗ ಓಡಿಹೋಗಬೇಡ, ಅದರ ಹತ್ತಿರ ಕೂತು ಬರೆ. ಅವರು 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಪಾಲಿಗೆ ಒಂದು ಪೂರ್ತಿ ಪುಟ ಕೊಡು.

ಇಎಸ್‌ಪಿಎನ್ ಬಗ್ಗೆ ನೀನು ಕೋಪದಿಂದ ಬರೆದ ಭಾಗದಲ್ಲಿ ಒಂದು ಪ್ಯಾರಾ, ಅಧಿಕಾರಿಗಳು ಮುಚ್ಚಿದ ಬಾಗಿಲ ಹಿಂದೆ ಏನು ಮಾತಾಡಿರಬಹುದು ಎಂಬ ಊಹೆ. ಅದನ್ನು ಪೂರ್ತಿ ತೆಗೆ. ಹೊಸ ಧ್ವನಿ ಬೇಕೆನ್ನುವ ಹಕ್ಕು ಚಾನೆಲ್ಲಿಗಿದೆ, ಬೇಡವೆನ್ನುವ ಹಕ್ಕು ಕೇಳುಗರಿಗಿದೆ. ಈ ಎರಡನ್ನೂ ಒಪ್ಪಿಕೊಂಡೇ ನಿನಗಾದ ದುಃಖವನ್ನು ಹೇಳಬಹುದು.

ಊಹೆಗಿಂತ ಒಳ್ಳೆಯದು ಆ ವರ್ಷದ ಘಟನೆಗಳಲ್ಲೇ ಇದೆ. 2010ರ ಬೇಸಿಗೆಯಲ್ಲಿ, ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವ ಕೂಪರ್‌ಸ್ಟೌನ್‌ನಲ್ಲಿ ಮಿಲ್ಲರ್‌ಗೆ ಫೋರ್ಡ್ ಫ್ರಿಕ್ ಪ್ರಶಸ್ತಿ ಬಂತು, ಪ್ರಸಾರಕರಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ನವೆಂಬರ್ 1ರಂದು ಜೈಂಟ್ಸ್ ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಕೊನೆಯ ಚಾಂಪಿಯನ್ ಪಟ್ಟ, ಗೆದ್ದಿತು. ತಂಡ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಮೊದಲ ಸಲ, 1954ರ ನಂತರ ಮೊದಲ ಸಲ. ಆ ಸೀರೀಸ್ ಅನ್ನು ಮಿಲ್ಲರ್ ಹೇಳಿದ್ದು ಇಎಸ್‌ಪಿಎನ್ ರೇಡಿಯೊದಲ್ಲಿ, ಇಡೀ ದೇಶಕ್ಕೆ. ಅದೇ ತಿಂಗಳು ಭಾನುವಾರದ ಕುರ್ಚಿ ಹೋಯಿತು. 2012ರಲ್ಲಿ, ಮತ್ತೆ 2014ರಲ್ಲಿ ಜೈಂಟ್ಸ್ ಗೆದ್ದಾಗ ಅವರು ಕೂತಿದ್ದು ತಮ್ಮ ತಂಡದ ರೇಡಿಯೊ ಬೂತಿನಲ್ಲಿ, ತಮ್ಮ ಊರಿನ ಜನರಿಗೆ ಹೇಳುತ್ತ. ದೇಶದ ಕಿವಿ ಕಳೆದುಕೊಂಡದ್ದರಿಂದ ಆ ಊರಿಗೆ ತನ್ನ ಧ್ವನಿ ಪೂರ್ತಿಯಾಗಿ ಸಿಕ್ಕಿತು. ಇದು ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ. ನಿನ್ನಂಥವರು ಕಾರಿನಲ್ಲಿ ಅವರನ್ನು ಕೇಳುತ್ತಿರುವುದು ಆ ರೇಡಿಯೊದಲ್ಲೇ ಅಲ್ಲವೇ.

ತಿದ್ದಿ ಮುಗಿದ ಮೇಲೆ ನನಗೆ ಕಳಿಸುವ ಮುಂಚೆ, ಬೇಸ್‌ಬಾಲಿನ ಗಂಧಗಾಳಿ ಇಲ್ಲದ ಒಬ್ಬರಿಗೆ ಜೋರಾಗಿ ಓದಿ ಹೇಳು. ನಿನ್ನ ಅಮ್ಮನಿಗೇ ಫೋನಿನಲ್ಲಿ ಓದಿದರೂ ಆಯಿತು. ಅವರು ಎಲ್ಲೆಲ್ಲಿ "ಯಾರು ಅವರು?" "ಆಮೇಲೆ ಏನಾಯಿತು?" ಎಂದು ತಡೆಯುತ್ತಾರೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಆ ಪ್ರತಿಯನ್ನೂ ಜೊತೆಗೆ ಕಳಿಸು.

ನಿನ್ನ ಅಣ್ಣ